ರಿಯಾಯಿತಿ ಮತದಾನಕ್ಕೆ ಮೊದಲು, ಕಡಿತ ಮತದಾನದ ನಂತರ

2025ರ ಜುಲೈ 1ರಂದು ಅಮೆರಿಕದ ಸೆನೆಟ್‌ನಲ್ಲಿ ಮತಗಳು ಸಮಸಮ ಬಿದ್ದವು, 50–50. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ತಮ್ಮ ಮತ ಹಾಕಿದ ಮೇಲೆಯೇ ತೆರಿಗೆ ರಿಯಾಯಿತಿಯನ್ನೂ ಬಡವರ ನೆರವಿನ ಕಡಿತವನ್ನೂ ಒಂದೇ ಕಟ್ಟಿನಲ್ಲಿಟ್ಟಿದ್ದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಮಸೂದೆ ದಡ ಸೇರಿತು. ಎರಡು ದಿನಕ್ಕೆ ಪ್ರತಿನಿಧಿ ಸಭೆ ಅದನ್ನು 218–214ರಲ್ಲಿ ಒಪ್ಪಿತು. ಜುಲೈ 4ರಂದು ಟ್ರಂಪ್ ಸಹಿ ಹಾಕಿದರು. ಎರಡೂ ಸದನ ಸೇರಿ ಡೆಮಾಕ್ರಟಿಕ್ ಪಕ್ಷದ ಒಂದೇ ಒಂದು ಮತವೂ ಅದಕ್ಕೆ ಬಿದ್ದಿರಲಿಲ್ಲ. ಅದಕ್ಕೂ ತಿಂಗಳ ಮುಂಚೆ ಆರೋಗ್ಯ ನೀತಿ ಸಂಶೋಧನಾ ಸಂಸ್ಥೆ ಕೆಎಫ್ಎಫ್ ನಡೆಸಿದ ಸಮೀಕ್ಷೆಯಲ್ಲಿ ಶೇ 64ರಷ್ಟು ಜನ ಮಸೂದೆ ಬೇಡ ಎಂದಿದ್ದರು. ಇಷ್ಟು ಜನ ಬೇಡವೆಂದದ್ದನ್ನು ಪಾಸು ಮಾಡಿದ ಪಕ್ಷ 2026ರ ನವೆಂಬರ್ 3ರ ಮಧ್ಯಾವಧಿ ಚುನಾವಣೆಯಲ್ಲಿ (ಅಧ್ಯಕ್ಷರ ಅವಧಿಯ ನಡುವೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ನಡೆಯುವ ಚುನಾವಣೆ) ಬೆಲೆ ತೆರಲೇಬೇಕು ಎಂಬ ಲೆಕ್ಕಾಚಾರ ಅಂದೇ ಶುರುವಾಯಿತು.

ಆ ಲೆಕ್ಕ ಅಷ್ಟು ಸಲೀಸಲ್ಲ. ಮೊದಲ ತೊಡಕು ಅಮೆರಿಕದ ಮಧ್ಯಾವಧಿ ಚುನಾವಣೆಯಲ್ಲೇ ಇದೆ. ಎರಡನೇ ಮಹಾಯುದ್ಧದ ನಂತರ ನಡೆದ ಎಲ್ಲ ಮಧ್ಯಾವಧಿ ಚುನಾವಣೆಗಳಲ್ಲೂ ಅಧ್ಯಕ್ಷರ ಪಕ್ಷ ಪ್ರತಿನಿಧಿ ಸಭೆಯಲ್ಲಿ ಸೀಟು ಕಳೆದುಕೊಂಡಿದೆ. ಇದಕ್ಕೆ ಹೊರತಾದವು 1998 ಮತ್ತು 2002 ಮಾತ್ರ. ಕೆಟ್ಟ ಬಜೆಟ್ ಇರಲಿ, ಒಳ್ಳೆಯ ಬಜೆಟ್ ಇರಲಿ, ಸೋಲು ಹೆಚ್ಚುಕಡಿಮೆ ಕಟ್ಟಿಟ್ಟ ಬುತ್ತಿ. ಬೈಡನ್ ಕಾಲದಲ್ಲಿ ಡೆಮಾಕ್ರಟರು ತಂದ 2022ರ ಇನ್‌ಫ್ಲೇಷನ್ ರಿಡಕ್ಷನ್ ಕಾಯ್ದೆಯನ್ನೇ ನೋಡಿ. ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇರುವ ಹಿರಿಯರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದು ಎಂಬ ನಿಯಮ ಅದರಲ್ಲಿತ್ತು, ಜನಕ್ಕೂ ಅದು ಹಿಡಿಸಿತ್ತು. ಆದರೂ ಡೆಮಾಕ್ರಟರು ಆ ವರ್ಷ 9 ಸೀಟು ಕಳೆದುಕೊಂಡರು. ಹಾಗಾಗಿ ‘ಸೋತರು, ಕಾಯ್ದೆಯೇ ಕಾರಣ’ ಎನ್ನುವುದಕ್ಕೆ ಮುಂಚೆ, ಕಾಯ್ದೆ ಇಲ್ಲದಿದ್ದರೆ ಎಷ್ಟು ಸೋಲುತ್ತಿದ್ದರು ಎಂದು ಕೇಳಬೇಕು.

ಎರಡನೆಯದು, ಇಂಥ ಕಾಯ್ದೆಯ ಹೊಣೆ ಒಂದೇ ಪಕ್ಷದ ತಲೆಗೆ ಏಕೆ ಬರುತ್ತದೆ ಎಂಬುದು. ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಯ ಮೇಲಿನ ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಬೇಕಾದರೆ 60 ಮತ ಬೇಕು. ‘ರಿಕನ್ಸಿಲಿಯೇಷನ್’ ಎಂಬ ಬಜೆಟ್ ದಾರಿಯಲ್ಲಿ ಹೋದರೆ ಸರಳ ಬಹುಮತ ಸಾಕು. ಮೊದಲು ಎರಡೂ ಸದನಗಳು ಬಜೆಟ್ ನಿರ್ಣಯ ಒಪ್ಪಬೇಕು. ಆ ನಿರ್ಣಯ ಸಂಬಂಧಪಟ್ಟ ಸಮಿತಿಗಳಿಗೆ ಇಷ್ಟು ಡಾಲರ್ ಉಳಿಸಿ ಅಥವಾ ಇಷ್ಟು ಖರ್ಚಿಗೆ ಅವಕಾಶವಿದೆ ಎಂದು ಗುರಿ ಕೊಡುತ್ತದೆ. ಸಮಿತಿಗಳು ಬರೆದದ್ದನ್ನೆಲ್ಲ ಒಂದೇ ಕಟ್ಟು ಮಾಡಿ ಸದನದ ಮುಂದಿಡುತ್ತಾರೆ. ಖರ್ಚು ಅಥವಾ ವರಮಾನಕ್ಕೆ ಸಂಬಂಧವಿಲ್ಲದ ಅಂಶಗಳು ‘ಬರ್ಡ್ ನಿಯಮ’ದ ಪ್ರಕಾರ ಉದುರಿಹೋಗುತ್ತವೆ. ಬಜೆಟ್ ಅವಧಿ, ಅಂದರೆ ಸಾಮಾನ್ಯವಾಗಿ ಹತ್ತು ವರ್ಷ, ಮುಗಿದ ಮೇಲೆ ಕೊರತೆ ಹೆಚ್ಚಿಸುವ ಅಂಶಗಳಿಗೂ ಅಲ್ಲಿ ಜಾಗವಿಲ್ಲ. ಆದ್ದರಿಂದಲೇ ರಿಯಾಯಿತಿಗಳಿಗೆ ಮುಕ್ತಾಯದ ದಿನಾಂಕ ಬರೆಯುತ್ತಾರೆ. 2017ರ ತೆರಿಗೆ ಕಾಯ್ದೆ ವೈಯಕ್ತಿಕ ಆದಾಯ ತೆರಿಗೆಗೆ ಕೊಟ್ಟ ಕಡಿತ 2025ರ ಕೊನೆಗೆ ಮುಗಿಯಬೇಕಿತ್ತು. ಸುಮ್ಮನೆ ಕೂತರೆ ತೆರಿಗೆ ತಾನಾಗಿ ಏರುತ್ತಿತ್ತು. ರಿಪಬ್ಲಿಕನ್ ಪಕ್ಷ ಇಷ್ಟು ದೊಡ್ಡ ಕಟ್ಟನ್ನು ಅಷ್ಟು ಅವಸರದಲ್ಲಿ ಹೊರಲು ಈ ಗಡುವೇ ದೊಡ್ಡ ಕಾರಣ.

ಈ ದಾರಿಯಲ್ಲಿ ಎದುರು ಪಕ್ಷದ ಸಹಿ ಬೇಡ. ಬೇಡವಾದ್ದರಿಂದ ಬೈಗುಳಕ್ಕೂ ಪಾಲುದಾರರಿಲ್ಲ.

ಇನ್ನು ಹಳೆಯ ದಾಖಲೆಗೆ ಬರೋಣ. ನನ್ನ ಪ್ರಕಾರ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಚುನಾವಣೆಯ ಸೋಲಲ್ಲ, 1989ರ ಆಗಸ್ಟ್ 17ರಂದು ಷಿಕಾಗೋದ ಒಂದು ರಸ್ತೆಯಲ್ಲಿ ನಡೆದದ್ದು. ಹಿಂದಿನ ವರ್ಷ ಎರಡೂ ಪಕ್ಷ ಸೇರಿ ‘ಮೆಡಿಕೇರ್ ಕೆಟಾಸ್ಟ್ರಾಫಿಕ್ ಕವರೇಜ್’ ಕಾಯ್ದೆ ಮಾಡಿದ್ದವು, ರೇಗನ್ ಸಹಿ ಹಾಕಿದ್ದರು. ಹಿರಿಯರಿಗೆ ದೊಡ್ಡ ಕಾಯಿಲೆ ಬಂದರೆ ಆಸ್ಪತ್ರೆ ಖರ್ಚಿಗೆ ಮಿತಿ, ಮುಂದೆ ಔಷಧಿಗೂ ನೆರವು. ಆದರೆ ಹಣವನ್ನು ಹಿರಿಯರಿಂದಲೇ ಎತ್ತಬೇಕು ಎಂದು ತೀರ್ಮಾನವಾಗಿತ್ತು. ಆದಾಯ ತೆರಿಗೆಯ ಜೊತೆ ಹೆಚ್ಚುವರಿ ಪ್ರೀಮಿಯಂ, ಮೊದಲ ವರ್ಷ ಒಬ್ಬರಿಗೆ ಗರಿಷ್ಠ 800 ಡಾಲರ್. ಅಷ್ಟು ಕಟ್ಟಬೇಕಿದ್ದವರು ಸ್ಥಿತಿವಂತರು ಮಾತ್ರ. ಆದರೆ 800 ಎಂಬ ಅಂಕಿ ಎಲ್ಲರ ಕಿವಿಗೂ ಬಿತ್ತು, ಎಲ್ಲರೂ ತಮಗೇ ಬಂತೆಂದು ಹೆದರಿದರು. ಔಷಧಿ ನೆರವು ಇನ್ನೂ ದೂರವಿತ್ತು, ತೆರಿಗೆ ಆಗಲೇ ಬಾಗಿಲಲ್ಲಿತ್ತು. ತೆರಿಗೆ ಸಮಿತಿಯ ಅಧ್ಯಕ್ಷ ಡ್ಯಾನ್ ರಾಸ್ಟೆನ್‌ಕೌಸ್ಕಿ ತಮ್ಮ ಕ್ಷೇತ್ರದಲ್ಲಿ ಸಭೆ ಮುಗಿಸಿ ಹೊರಬಂದಾಗ ವಯಸ್ಸಾದ ಮತದಾರರು ಕಾರನ್ನು ಸುತ್ತುಗಟ್ಟಿದರು. ಒಬ್ಬ ವೃದ್ಧೆ ಬಾನೆಟ್ ಮೇಲೆಯೇ ಒರಗಿ ದಾರಿ ಕಟ್ಟಿದರು. ರಾಸ್ಟೆನ್‌ಕೌಸ್ಕಿ ಕಾರಿನಿಂದಿಳಿದು ಪೆಟ್ರೋಲ್ ಬಂಕ್ ಹಾದು ಓಡಬೇಕಾಯಿತು. ಟಿವಿಯಲ್ಲಿ ದೇಶವೇ ಅದನ್ನು ನೋಡಿತು. ಆ ವರ್ಷ ಮುಗಿಯುವ ಮೊದಲೇ ಕಾಂಗ್ರೆಸ್ ಕಾಯ್ದೆಯನ್ನು ರದ್ದು ಮಾಡಿತು.

ನಂತರ ಏನಾಯಿತು? 1990ರಲ್ಲಿ ರಾಸ್ಟೆನ್‌ಕೌಸ್ಕಿ ಮತ್ತೆ ಗೆದ್ದರು. ಕಾಯ್ದೆಯೇ ಹೋದ ಮೇಲೆ ಸಿಟ್ಟಿಗೆ ನೆಲೆ ಉಳಿಯಲಿಲ್ಲ. ವಾಷಿಂಗ್ಟನ್ ಆ ಓಟದಿಂದ ಕಲಿತ ಪಾಠ ಒಂದೇ: ಕೊಡುವುದನ್ನು ಮೊದಲು ಕೊಡು, ಕೀಳುವುದನ್ನು ಆಮೇಲೆ ಕೀಳು.

ಆದರೆ ಆ ಪಾಠವನ್ನು ಪಾಲಿಸಲಾಗದ ಸಂದರ್ಭವೂ ಇರುತ್ತದೆ. 1993ರಲ್ಲಿ ಕ್ಲಿಂಟನ್ ಕೊರತೆ ತಗ್ಗಿಸಲು ಹೊರಟರು. ಮೇಲ್ಮಟ್ಟದ ಆದಾಯ ತೆರಿಗೆ ಶೇ 39.6ಕ್ಕೆ ಏರಿತು, ಪೆಟ್ರೋಲ್ ಮೇಲೆ ಗ್ಯಾಲನ್‌ಗೆ 4.3 ಸೆಂಟ್ ಹೆಚ್ಚುವರಿ ಬಿತ್ತು. ಮಧ್ಯಮ ವರ್ಗಕ್ಕೆ ನೇರವಾಗಿ ತಟ್ಟಿದ್ದು ಬಹುಪಾಲು ಈ 4.3 ಸೆಂಟ್ ಮಾತ್ರ. ಪ್ರತಿನಿಧಿ ಸಭೆಯಲ್ಲಿ 218–216, ಸೆನೆಟ್‌ನಲ್ಲಿ ಉಪಾಧ್ಯಕ್ಷ ಅಲ್ ಗೋರ್ ಮತದಿಂದ 51–50. ರಿಪಬ್ಲಿಕನ್ನರ ಬೆಂಬಲ ಸೊನ್ನೆ. ಪೆನ್ಸಿಲ್ವೇನಿಯಾದ ಮಾರ್ಜರಿ ಮಾರ್ಗೋಲೀಸ್-ಮೆಜ್ವಿನ್‌ಸ್ಕಿ ಹೊಸ ಸದಸ್ಯೆ. ರಿಪಬ್ಲಿಕನ್ ಒಲವಿನ ಕ್ಷೇತ್ರದಲ್ಲಿ ಕೂದಲೆಳೆಯಲ್ಲಿ ಗೆದ್ದು ಬಂದವರು. ಕೊನೆ ಗಳಿಗೆಯಲ್ಲಿ ಅವರು ಪರವಾಗಿ ಮತ ಹಾಕಿದಾಗ ಎದುರು ಬೆಂಚಿನವರು ಅವರ ಹೆಸರು ಹಿಡಿದು ‘ಗುಡ್‌ಬೈ’ ಎಂದು ಕೂಗಿದರು. ಮರುವರ್ಷ ಅವರು ಸೋತರು. ಡೆಮಾಕ್ರಟರು 54 ಸೀಟು ಕಳೆದುಕೊಂಡು, 40 ವರ್ಷದಿಂದ ಕೈಯಲ್ಲಿದ್ದ ಪ್ರತಿನಿಧಿ ಸಭೆಯನ್ನು ಬಿಟ್ಟುಕೊಟ್ಟರು. ಆದರೆ ಕ್ಲಿಂಟನ್ 1996ರಲ್ಲಿ ಗೆದ್ದರು, 1998ರಲ್ಲಿ ಬಜೆಟ್ ಮಿಗತೆ ಕಂಡಿತು. ಲಾಭ ಬರುವ ಹೊತ್ತಿಗೆ ಅದಕ್ಕಾಗಿ ಮತ ಹಾಕಿದವರಲ್ಲಿ ಎಷ್ಟೋ ಮಂದಿ ಮನೆಗೆ ಹೋಗಿ ಆಗಿತ್ತು.

ಒಬಾಮ ಆರೋಗ್ಯ ಕಾಯ್ದೆಯದೂ ಇದೇ ಕ್ರಮ. 2010ರ ಮಾರ್ಚ್‌ನಲ್ಲಿ 219–212ರಲ್ಲಿ ಪಾಸಾಯಿತು. ವಿಮೆ ಮಾರುಕಟ್ಟೆ ಮತ್ತು ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೈಡ್‌ನ ವಿಸ್ತರಣೆ ಪೂರ್ಣವಾಗಿ ಜಾರಿಯಾದದ್ದು 2014ರಲ್ಲಿ. ನಡುವೆ 2010ರ ನವೆಂಬರ್ ಬಂತು, ಡೆಮಾಕ್ರಟರ 63 ಸೀಟು ಹೋದವು. ಆರ್ಥಿಕ ಹಿಂಜರಿತವೂ ಇತ್ತಲ್ಲ, ಕಾಯ್ದೆಯ ಪಾಲು ಎಷ್ಟು? ಬ್ರೆಂಡನ್ ನೈಹನ್, ಎರಿಕ್ ಮೆಕ್‌ಗೀ, ಜಾನ್ ಸೈಡ್ಸ್ ಮತ್ತಿತರ ರಾಜಕೀಯ ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಬಿಡಿಸಿ ನೋಡಿತು. ಒಂದೇ ಬಗೆಯ ಕ್ಷೇತ್ರಗಳಲ್ಲಿ ಪರ ಮತ ಹಾಕಿದವರನ್ನೂ ವಿರುದ್ಧ ಹಾಕಿದವರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿತು. ಆ ಮತ ಸುಮಾರು 25 ಸೀಟುಗಳಿಗೆ ಕುತ್ತಾಯಿತು ಎಂದು ಅವರ ಅಂದಾಜು. ಮತದಾರರು ಕಾಯ್ದೆಯ ಕಲಮುಗಳನ್ನು ಓದಿ ಶಿಕ್ಷೆ ಕೊಡಲಿಲ್ಲ. ಪರ ಹಾಕಿದ ಸದಸ್ಯರನ್ನು ‘ನಮ್ಮವನಲ್ಲ, ತೀರಾ ಎಡಕ್ಕೆ ವಾಲಿದವನು’ ಎಂದು ನೋಡಲು ಶುರುಮಾಡಿದರು.

ಹಾಗಾದರೆ ವಿರುದ್ಧ ಮತ ಹಾಕಿದರೆ ಬಚಾವ್ ಆಗಬಹುದೇ? 2018ರ ನ್ಯೂಜೆರ್ಸಿ ಇದಕ್ಕೆ ಒಳ್ಳೆಯ ಪರೀಕ್ಷೆ. 2017ರ ಡಿಸೆಂಬರ್‌ನ ತೆರಿಗೆ ಕಾಯ್ದೆ ರಾಜ್ಯ ಮತ್ತು ಸ್ಥಳೀಯ ತೆರಿಗೆಯ ಮೇಲಿನ ವಿನಾಯಿತಿಗೆ 10,000 ಡಾಲರ್ ಮಿತಿ ಹಾಕಿತು. ಮನೆ ಕಂದಾಯ ವಿಪರೀತ ಇರುವ ನ್ಯೂಜೆರ್ಸಿಗೆ ಅದು ನೇರ ಏಟು. ರಾಜ್ಯದ ಐವರು ರಿಪಬ್ಲಿಕನ್ ಸದಸ್ಯರಲ್ಲಿ ನಾಲ್ವರು ವಿರುದ್ಧ ಹಾಕಿದರು. ಟಾಮ್ ಮೆಕಾರ್ಥರ್ ಒಬ್ಬರೇ ಪರ. ಅವರು ಆ್ಯಂಡಿ ಕಿಮ್ ಎದುರು ಸೋತರು. ಇದು ನಿರೀಕ್ಷಿತ. ಆದರೆ ಪಕ್ಕದ ಲೆನರ್ಡ್ ಲ್ಯಾನ್ಸ್ ತೆರಿಗೆ ಕಾಯ್ದೆಗೂ ಬೇಡ ಎಂದಿದ್ದರು, ಒಬಾಮ ಕಾಯ್ದೆ ರದ್ದತಿಗೂ ಬೇಡ ಎಂದಿದ್ದರು. ಅವರೂ ಸೋತರು. ಇನ್ನಿಬ್ಬರು ಮೊದಲೇ ನಿವೃತ್ತಿ ಹೇಳಿದ್ದರು, ಅವರ ಸೀಟುಗಳೂ ಹೋದವು. ಐದರಲ್ಲಿ ಉಳಿದದ್ದು ಒಂದು. ದೇಶದಾದ್ಯಂತ ರಿಪಬ್ಲಿಕನ್ನರು 40 ಸೀಟು ಕಳೆದುಕೊಂಡರು. ಪಕ್ಷದ ಹೆಸರಿಗೆ ಮಸಿ ಹತ್ತಿದ ಮೇಲೆ ಒಬ್ಬ ಸದಸ್ಯನ ವಿರುದ್ಧ ಮತ ಅದನ್ನು ತೊಳೆಯಲಾರದು.

ಕಾಣುವುದು, ಕಾಣದಿರುವುದು ಎಂಬ ಇನ್ನೊಂದು ಅಂಶ ಇದೆ. ಕೆನಡಾದಲ್ಲಿ 1991ರ ಜನವರಿ 1ರವರೆಗೆ ತಯಾರಕರ ಮೇಲೆ ಶೇ 13.5ರ ತೆರಿಗೆ ಇತ್ತು. ಸರಕಿನ ಬೆಲೆಯೊಳಗೇ ಅಡಗಿದ್ದರಿಂದ ಗಿರಾಕಿಗೆ ಗೊತ್ತೇ ಆಗುತ್ತಿರಲಿಲ್ಲ. ಅದನ್ನು ತೆಗೆದು ಪ್ರತಿ ಬಿಲ್ಲಿನ ಕೆಳಗೂ ಬೇರೆಯಾಗಿ ಕಾಣುವ ಶೇ 7ರ ಜಿಎಸ್‌ಟಿ ತಂದರು. ಆರ್ಥಿಕವಾಗಿ ಅದು ಸರಿಯಾದ ಸುಧಾರಣೆ. ಅದನ್ನು ತಂದ, 1988ರಲ್ಲಿ 169 ಸೀಟು ಗೆದ್ದಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ 1993ರಲ್ಲಿ 2ಕ್ಕೆ ಇಳಿಯಿತು. ಕ್ವಿಬೆಕ್ ಮತ್ತು ಪಶ್ಚಿಮ ಪ್ರಾಂತಗಳ ಬಂಡಾಯವೂ ಆ ಸೋಲಿನ ಹಿಂದಿತ್ತು ನಿಜ, ಆದರೆ ದಿನಾ ಕಣ್ಣಿಗೆ ಚುಚ್ಚುತ್ತಿದ್ದದ್ದು ಆ ರಶೀದಿ. ಗೆದ್ದು ಬಂದ ಲಿಬರಲ್ಲರು ಜಿಎಸ್‌ಟಿಯನ್ನು ಹಾಗೆಯೇ ಉಳಿಸಿಕೊಂಡರು.

ಕಾಣದ ರಿಯಾಯಿತಿಗೆ ಕೃತಜ್ಞತೆಯೂ ಹುಟ್ಟುವುದಿಲ್ಲ. 2009ರಲ್ಲಿ ಒಬಾಮ ದುಡಿಯುವ ಕುಟುಂಬಗಳಲ್ಲಿ ಶೇ 95ಕ್ಕೆ ತೆರಿಗೆ ಇಳಿಸಿದರು, ಒಬ್ಬರಿಗೆ 400 ಡಾಲರ್. ಒಟ್ಟಿಗೆ ಚೆಕ್ ಕೊಡದೆ, ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆಯನ್ನು ಚೂರುಚೂರೇ ಕಡಿಮೆ ಮಾಡಿದರು. ಮರುವರ್ಷದ ಸಮೀಕ್ಷೆಯಲ್ಲಿ ತೆರಿಗೆ ಇಳಿದಿದೆ ಎಂದವರು ಶೇ 12 ಮಾತ್ರ. 2018ರಲ್ಲಿ ಟ್ರಂಪ್ ಸರ್ಕಾರ ಮಾಡಿದ್ದೂ ಇದನ್ನೇ. ಶೇ 65ರಷ್ಟು ಜನರಿಗೆ ತೆರಿಗೆ ಇಳಿದಿತ್ತು, ಆದರೆ ವರ್ಷದುದ್ದಕ್ಕೂ ಸಂಬಳದಲ್ಲಿ ಬಂದು ಕರಗಿಹೋಗಿತ್ತು. ಹಲವರಿಗೆ 2019ರ ವಸಂತದಲ್ಲಿ ರೀಫಂಡ್ ಕಡಿಮೆ ಬಂದು ‘ತೆರಿಗೆ ಏರಿಸಿಬಿಟ್ಟರು’ ಎಂದೇ ಅನಿಸಿತು.

2025ರ ಕಾಯ್ದೆ ಬರೆದವರು ಇವಿಷ್ಟನ್ನೂ ಓದಿಕೊಂಡಿದ್ದಾರೆ ಎಂದು ಅದರ ಕ್ಯಾಲೆಂಡರ್ ನೋಡಿದರೆ ಸ್ಪಷ್ಟ. ಟಿಪ್ಸ್ ಮೇಲೆ 25,000 ಡಾಲರ್‌ವರೆಗೆ, ಓವರ್‌ಟೈಮ್ ಮೇಲೆ ಒಬ್ಬರಿಗೆ 12,500ರವರೆಗೆ, 65 ದಾಟಿದವರಿಗೆ ಹೆಚ್ಚುವರಿಯಾಗಿ 6,000 ಡಾಲರ್‌ವರೆಗಿನ ಆದಾಯಕ್ಕೆ ತೆರಿಗೆ ವಿನಾಯಿತಿ. ಜುಲೈನಲ್ಲಿ ಸಹಿಯಾದರೂ 2025ರ ಇಡೀ ವರ್ಷಕ್ಕೆ ಅನ್ವಯ. ತೆರಿಗೆ ಇಲಾಖೆ ಆ ವರ್ಷ ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳುವ ಕೋಷ್ಟಕಗಳನ್ನು ಬದಲಿಸಲಿಲ್ಲ. ಹೆಚ್ಚು ಮುರಿದುಕೊಂಡ ಹಣ 2026ರ ಫೆಬ್ರುವರಿ–ಏಪ್ರಿಲ್ ನಡುವೆ ಇಡಿಗಂಟಾಗಿ ರೀಫಂಡ್ ಆಗಿ ಬರುವ ಹಾಗಾಯಿತು, ಚುನಾವಣೆಯ ವರ್ಷದಲ್ಲೇ. ಈ ಮೂರೂ ರಿಯಾಯಿತಿ 2028ರ ಕೊನೆಗೆ, ಅಂದರೆ ಮುಂದಿನ ಅಧ್ಯಕ್ಷೀಯ ಚುನಾವಣೆ ಆದ ಮೇಲೆ ಮುಗಿಯುತ್ತವೆ.

ಇನ್ನು ಖರ್ಚಿನ ಕಡಿತದ ಕಡೆ ನೋಡಿ. ಮೆಡಿಕೈಡ್ ವಿಸ್ತರಣೆಯಡಿ ಬರುವ 19ರಿಂದ 64 ವಯಸ್ಸಿನವರು ತಿಂಗಳಿಗೆ 80 ಗಂಟೆ ಕೆಲಸ ಅಥವಾ ಅದಕ್ಕೆ ಸಮವಾದದ್ದನ್ನು ತೋರಿಸಬೇಕು ಎಂಬ ನಿಯಮ ಬಹುತೇಕ ರಾಜ್ಯಗಳಲ್ಲಿ ಶುರುವಾಗುವುದು 2027ರ ಜನವರಿ 1ಕ್ಕೆ. ಆಹಾರ ನೆರವಿನ ವೆಚ್ಚದಲ್ಲಿ ಒಂದು ಪಾಲನ್ನು, ತಪ್ಪು ಪಾವತಿ ಹೆಚ್ಚಿರುವ ರಾಜ್ಯಗಳ ಮೇಲೆ ಹೊರಿಸುವುದು 2027ರ ಅಕ್ಟೋಬರ್‌ನಿಂದ. ಮೆಡಿಕೈಡ್ ವಿಸ್ತರಿಸಿದ ರಾಜ್ಯಗಳು ಅದಕ್ಕೆ ಹಣ ಹೊಂದಿಸಲು ಆಸ್ಪತ್ರೆಗಳ ಮೇಲೆ ಹಾಕುವ ತೆರಿಗೆಯ ಮಿತಿ ಶೇ 6ರಿಂದ ಹಂತಹಂತವಾಗಿ 3.5ಕ್ಕೆ ಇಳಿಯುವುದು 2028ರ ಹಣಕಾಸು ವರ್ಷದಿಂದ. ಹಳ್ಳಿ ಆಸ್ಪತ್ರೆಗಳಿಗೆ ಮುಲಾಮಾಗಿ ಐದು ವರ್ಷಕ್ಕೆ 5,000 ಕೋಟಿ ಡಾಲರ್ ನಿಧಿ 2026ರಲ್ಲೇ ಆರಂಭ. ಹತ್ತು ವರ್ಷಕ್ಕೆ ಕೊರತೆ 3.4 ಲಕ್ಷ ಕೋಟಿ ಡಾಲರ್ ಏರುತ್ತದೆ, 2034ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ 1 ಕೋಟಿಯಷ್ಟು ಹೆಚ್ಚುತ್ತದೆ ಎಂದು ಕಾಂಗ್ರೆಸ್ಸಿನ ಬಜೆಟ್ ಕಚೇರಿಯೇ ಅಂದಾಜಿಸಿದೆ. ಅದೇ ಕಚೇರಿಯ ಪ್ರಕಾರ ಅತ್ಯಂತ ಕೆಳಗಿನ ಶೇ 10ರಷ್ಟು ಕುಟುಂಬಗಳಿಗೆ ವರ್ಷಕ್ಕೆ ಸರಾಸರಿ 1,200 ಡಾಲರ್ ನಷ್ಟ, ಅತ್ಯಂತ ಮೇಲಿನ ಶೇ 10ಕ್ಕೆ 13,600 ಡಾಲರ್ ಲಾಭ. ಮಿಸ್ಸೌರಿಯ ಸೆನೆಟರ್ ಜಾಷ್ ಹಾಲಿ ಇದಕ್ಕೆ ಪರ ಮತ ಹಾಕಿ, ಎರಡು ವಾರದಲ್ಲಿ ಆಸ್ಪತ್ರೆ ತೆರಿಗೆಯ ಭಾಗವನ್ನು ಹಿಂತೆಗೆಯಲು ಬೇರೆ ಮಸೂದೆ ತಂದರು. ತಮ್ಮ ರಾಜ್ಯದ ಹಳ್ಳಿಗಳಲ್ಲಿ ಏನಾಗಬಹುದು ಎಂಬುದು ಅವರಿಗೆ ಗೊತ್ತಿತ್ತು.

80 ಗಂಟೆ ಎಂದರೆ ಏನು ಎಂದು ಅರ್ಕನ್ಸಾ ರಾಜ್ಯ 2018ರಲ್ಲೇ ತೋರಿಸಿದೆ. ಅಲ್ಲಿ ಜೂನ್‌ನಲ್ಲಿ ಇದೇ ನಿಯಮ ಜಾರಿಯಾಯಿತು. ಕೆಲಸದ ಗಂಟೆಗಳನ್ನು ಮೊದಲಿಗೆ ಆನ್‌ಲೈನ್‌ನಲ್ಲೇ ತುಂಬಬೇಕಿತ್ತು. ಆ ಪೋರ್ಟಲ್ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಮುಚ್ಚಿರುತ್ತಿತ್ತು. ಹಗಲೆಲ್ಲ ದುಡಿದು ಬಂದವರು ಕೂತು ತುಂಬುವ ಹೊತ್ತಿಗೆ ಬಾಗಿಲು ಬಂದ್. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಅವರಲ್ಲಿ ಎಷ್ಟೋ ಜನ ಕೆಲಸ ಮಾಡುತ್ತಲೇ ಇದ್ದವರು, ಇಲ್ಲವೇ ವಿನಾಯಿತಿಗೆ ಅರ್ಹರು. 2019ರ ಮಾರ್ಚ್‌ನಲ್ಲಿ ಕೋರ್ಟ್ ತಡೆದ ಮೇಲೆ ನಿಂತಿತು. ಇಂಥ ನಷ್ಟ ರಾಜಕೀಯವಾಗಿ ಸದ್ದು ಮಾಡುವುದಿಲ್ಲ ಎಂಬುದೇ ನನಗೆ ಕಳವಳದ ವಿಷಯ. ಒಂದು ಫಾರ್ಮ್ ತಪ್ಪಿದವನು ತನ್ನದೇ ತಪ್ಪೆಂದುಕೊಳ್ಳುತ್ತಾನೆ, ಕಾಯ್ದೆ ಮಾಡಿದವರನ್ನು ದೂರುವುದಿಲ್ಲ. ಸಿಕ್ಕಿದ ಉತ್ತರವೂ ರಾಜ್ಯ ಕಚೇರಿಯದು, ವಾಷಿಂಗ್ಟನ್ನಿನದಲ್ಲ.

ಮತವೇ ಇಲ್ಲದವರ ಮೇಲೆ ಹೊರೆ ಹಾಕುವುದು ಇನ್ನೂ ಸುಲಭ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಗೊತ್ತಿರುವ ವಿಷಯ. ಊರಿಗೆ ಕಳಿಸುವ ಹಣದ ಮೇಲಿನ ತೆರಿಗೆ ಮೊದಲ ಕರಡಿನಲ್ಲಿ ಶೇ 5 ಇತ್ತು, ಅದೂ ಪೌರರಲ್ಲದವರಿಗೆ ಮಾತ್ರ. ಪ್ರತಿನಿಧಿ ಸಭೆಯಲ್ಲಿ ಪಾಸಾದಾಗ 3.5 ಆಯಿತು. ಸೆನೆಟ್‌ನಲ್ಲಿ ಶೇ 1ಕ್ಕೆ ಇಳಿದು, ಪೌರರೂ ಸೇರಿ ಎಲ್ಲರಿಗೂ ಅನ್ವಯವಾಯಿತು. 2026ರ ಜನವರಿ 1ರಿಂದ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸಿದರೆ ಮಾತ್ರ ಈ ಶೇ 1. ಸನ್ನಿವೇಲ್‌ನ ಎಂಜಿನಿಯರ್ ತಮ್ಮ ಬ್ಯಾಂಕ್ ಖಾತೆಯಿಂದ ಅಥವಾ ಅಮೆರಿಕದ ಡೆಬಿಟ್ ಕಾರ್ಡಿನಿಂದ ಮೈಸೂರಿನ ಅಪ್ಪ-ಅಮ್ಮನಿಗೆ ಕಳಿಸಿದರೆ ತೆರಿಗೆ ಇಲ್ಲ. ಕಟ್ಟುವವರು ಬ್ಯಾಂಕ್ ಖಾತೆ ಇಲ್ಲದ ಕೂಲಿಗಳು.

ಇಷ್ಟು ಜಾಣತನದಲ್ಲೂ ಒಂದು ಕಡೆ ಲೆಕ್ಕ ತಪ್ಪಿದೆ. ಕಾಯ್ದೆಯಲ್ಲಿ ಇರುವುದರ ನೋವು ಮುಂದಕ್ಕೆ ಹೋಯಿತು, ಅದರಲ್ಲಿ ಸೇರಿಸದೆ ಬಿಟ್ಟದ್ದರ ನೋವು ತಕ್ಷಣ ಬಂತು. ಒಬಾಮ ಕಾಯ್ದೆಯ ವಿಮೆಗೆ 2021ರಿಂದ ಸಿಗುತ್ತಿದ್ದ ಹೆಚ್ಚುವರಿ ಸಬ್ಸಿಡಿಯನ್ನು ಈ ಕಟ್ಟಿನಲ್ಲಿ ವಿಸ್ತರಿಸಲಿಲ್ಲ, 2025ರ ಡಿಸೆಂಬರ್ 31ಕ್ಕೆ ಅದು ಮುಗಿಯಿತು. ಇದೇ ಜಗಳಕ್ಕೆ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರಿ ಕಚೇರಿಗಳು ಬಾಗಿಲು ಮುಚ್ಚಿದ್ದವು. ಸಬ್ಸಿಡಿ ಪಡೆಯುತ್ತಿದ್ದವರು ವರ್ಷಕ್ಕೆ ಕೈಯಿಂದ ಕಟ್ಟುವ ಸರಾಸರಿ ಪ್ರೀಮಿಯಂ 888 ಡಾಲರ್‌ನಿಂದ 1,904ಕ್ಕೆ ಏರುತ್ತದೆ ಎಂದು ಕೆಎಫ್ಎಫ್ ಲೆಕ್ಕ ಹಾಕಿತ್ತು. ಇದು ಜಿಎಸ್‌ಟಿ ರಶೀದಿಯ ಹಾಗೆ ಪ್ರತಿ ತಿಂಗಳೂ ಕಣ್ಣಿಗೆ ಬೀಳುವ ಅಂಕಿ. ಇದು ಆ ಕಾಯ್ದೆಯ ಯಾವ ಕಲಮಿನಲ್ಲಿದೆ ಎಂದು ಮತದಾರ ಹುಡುಕುತ್ತಾ ಕೂರುವುದಿಲ್ಲ. ‘ಬಿಗ್ ಬ್ಯೂಟಿಫುಲ್’ ಎಂಬ ಹೆಸರನ್ನು ಬದಿಗಿಟ್ಟು ‘ದುಡಿಯುವ ಕುಟುಂಬಗಳ ತೆರಿಗೆ ಕಡಿತ’ ಎಂದು ಕರೆಯಲು 2025ರ ಸೆಪ್ಟೆಂಬರ್ ಹೊತ್ತಿಗೇ ರಿಪಬ್ಲಿಕನ್ ನಾಯಕರು ಹೊರಟದ್ದರ ಹಿಂದೆ ಈ ಆತಂಕವೂ ಇದೆ.

ಇದೆಲ್ಲ ಕೊನೆಗೆ ನಿರ್ಧಾರವಾಗುವುದು ಬೆರಳೆಣಿಕೆಯ ಕ್ಷೇತ್ರಗಳಲ್ಲಿ. 2024ರಲ್ಲಿ ಪ್ರತಿನಿಧಿ ಸಭೆಯ ಫಲಿತಾಂಶ 220–215. ಕಮಲಾ ಹ್ಯಾರಿಸ್ ಗೆದ್ದ ಕ್ಷೇತ್ರಗಳಲ್ಲಿ ಗೆದ್ದ ರಿಪಬ್ಲಿಕನ್ನರು ಮೂವರೇ. ಅವರಲ್ಲಿ ಬ್ರಯಾನ್ ಫಿಟ್ಸ್‌ಪ್ಯಾಟ್ರಿಕ್ ಕೊನೆಯ ಮತದಲ್ಲಿ ವಿರುದ್ಧ ಹಾಕಿದರು. ಡಾನ್ ಬೇಕನ್ ನಿವೃತ್ತಿ ಘೋಷಿಸಿ ಪರ ಹಾಕಿದರು. ಮೈಕ್ ಲಾಲರ್ ಸ್ಥಳೀಯ ತೆರಿಗೆ ವಿನಾಯಿತಿಯ ಮಿತಿಯನ್ನು 40,000ಕ್ಕೆ ಏರಿಸಿಕೊಂಡು ಪರ ಹಾಕಿದರು. ನಾನು ಕಣ್ಣಿಟ್ಟಿರುವುದು ಮಾತ್ರ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಡೇವಿಡ್ ವಲಾಡೇವ್ ಮೇಲೆ. ಹೊಲಗಳ ನಾಡು, ಕ್ಷೇತ್ರದ ಸುಮಾರು ಮೂರನೇ ಎರಡು ಭಾಗದ ಜನ ಮೆಡಿಕೈಡ್ ನಂಬಿದವರು. 2017ರಲ್ಲಿ ಒಬಾಮ ಕಾಯ್ದೆ ರದ್ದತಿಗೆ ಮತ ಹಾಕಿ 2018ರಲ್ಲಿ 862 ಮತಗಳಿಂದ ಸೋತವರು. 2020ರಲ್ಲಿ ವಾಪಸ್ ಗೆದ್ದರು. 2025ರಲ್ಲಿ ಮತ್ತೆ ಪರ ಮತ ಹಾಕಿದ್ದಾರೆ.

ಅವರ ಕ್ಷೇತ್ರದ ಕೂಲಿಗೆ 80 ಗಂಟೆಯ ನಿಯಮ 2027ರ ಜನವರಿಯಲ್ಲಿ ತಟ್ಟುತ್ತದೆ, ಮತದಾನ ನವೆಂಬರ್‌ನಲ್ಲಿ ಮುಗಿದಿರುತ್ತದೆ. ಆದರೆ ನಿಯಮ ಬದಲಾಗುತ್ತಿದೆ ಎಂದು ರಾಜ್ಯಗಳು ಫಲಾನುಭವಿಗಳಿಗೆ ಕೆಲವು ತಿಂಗಳು ಮೊದಲೇ ಅಂಚೆಯಲ್ಲಿ ತಿಳಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಆ ಪತ್ರಗಳು ಮನೆಗೆ ಬರುವುದು ಪ್ರಚಾರ ಕಾವೇರಿರುವ ದಿನಗಳಲ್ಲೇ. 2027ರ ವಿಮೆ ನೋಂದಣಿ ಶುರುವಾಗಿ ಹೊಸ ಪ್ರೀಮಿಯಂ ದರ ಎದುರಾಗುವುದು ನವೆಂಬರ್ 1ಕ್ಕೆ, ಮತದಾನಕ್ಕೆ ಎರಡು ದಿನ ಮುಂಚೆ.